ಮೂರು ಹಳೆಯ ಟೈರು, ಒಂದು ಹೊಸದು

“ಕೇಳ್ರಪ್ಪೋ ಕೇಳಿ! ಮಹಾಪ್ರಭು ಮಲ್ಲರಸರ ಕಾರು ಕೆಡಿಸಿದ ಚಾಲಕ ಮುದ್ದಬೋವಿಗೆ ಅಮಾವಾಸ್ಯೆಯ ದಿನ ನೇಣು! ರಾಜಕುಮಾರಿ ಪದ್ಮಾಂಬೆಯವರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ! ಬಿಡಿಸಲು ಬಂದು ಸೋತವರಿಗೆ ಮುದ್ದಬೋವಿಯ ಪಕ್ಕದಲ್ಲೇ ಹಗ್ಗ!”

ತಮಟೆಯವನು ಹೀಗೆ ಕೂಗುತ್ತ ಹೆಬ್ಬಂಡೆದುರ್ಗದ ಬೀದಿಬೀದಿ ಸುತ್ತಿದ. ರಾಜರ ಕಾಲದಲ್ಲಿ ಕಾರೆಲ್ಲಿತ್ತು ಎಂದು ನೀವು ಕೇಳಬಾರದು. ಈ ರಾಜನಿಗಿತ್ತು. ಅದೂ ಅಂತಿಂಥ ಕಾರಲ್ಲ. ಬೇರೆ ಕಾರುಗಳಲ್ಲಿ ಎರಡು ಚಕ್ರ ಎಳೆದರೆ ಇನ್ನೆರಡು ಸುಮ್ಮನೆ ಉರುಳುತ್ತವೆ. ಇದರಲ್ಲಿ ನಾಲ್ಕಕ್ಕೂ ಎಂಜಿನ್ನಿನ ಬಲ, ನಾಲ್ಕೂ ಎಳೆಯಬೇಕು. ಆದ್ದರಿಂದಲೇ ಅದು ದುರ್ಗದ ಕಡಿದಾದ ದಾರಿ ಏರುತ್ತಿತ್ತು. ಒಂದು ಟೈರು ಬಂಡೆಗೆ ಉಜ್ಜಿ ಉಜ್ಜಿ ಸವೆದು ನುಣ್ಣಗಾದಾಗ, ಅರೆಸವೆದ ಮಿಕ್ಕ ಮೂರನ್ನು ಹಾಗೇ ಬಿಟ್ಟು ಅದೊಂದನ್ನೇ ತೆಗೆದು ಹೊಸದು ಹಾಕಿದರು. ಸ್ವಲ್ಪ ದಿನದಲ್ಲೇ ಕಾರು ನರಳತೊಡಗಿತು. ಕೊನೆಗೊಮ್ಮೆ ರಾಜ ಒಳಗೆ ಕೂತಿದ್ದಾಗಲೇ ಏನೋ ಮುರಿದು ನಡುದಾರಿಯಲ್ಲಿ ನಿಂತಿತು. ಊರೆಲ್ಲ ನೋಡುತ್ತಿರುವಾಗ ಮಲ್ಲರಸ ಧೂಳು ತುಳಿದುಕೊಂಡು ಅರಮನೆ ಸೇರಬೇಕಾಯಿತು. ಆ ಸಿಟ್ಟೆಲ್ಲ ಮುದ್ದಬೋವಿಯ ಕುತ್ತಿಗೆಗೆ ಬಂತು.

ಡಂಗುರ ಜವರನ ಕಿವಿಗೂ ಬಿತ್ತು. ಕಾರು ಬರುವ ಮುಂಚೆ ರಾಜನ ಪಲ್ಲಕ್ಕಿ ಹೊರುತ್ತಿದ್ದ ನಾಲ್ವರಲ್ಲಿ ಅವನೂ ಒಬ್ಬ, ಎಲ್ಲರಿಗಿಂತ ಕಿರಿಯ, ಎಲ್ಲರಿಗಿಂತ ಎತ್ತರ. ತಬ್ಬಲಿಯಾಗಿದ್ದ ಅವನನ್ನು ಮನೆಗೆ ಕರೆತಂದು ಸಾಕಿದವನು, ಪಲ್ಲಕ್ಕಿಗೆ ಹೆಗಲು ಕೊಡಲು ಕಲಿಸಿದವನು ಇದೇ ಮುದ್ದಬೋವಿ. ಒಗಟು ಬಿಡಿಸುವ ಚಾಳಿ ಜವರನಿಗೆ ಯಾವತ್ತೂ ಇರಲಿಲ್ಲ. ಆದರೂ ಹೋಗದೆ ಇರಲು ಆಗಲಿಲ್ಲ.

ಅರಮನೆಯ ಅಂಗಳದಲ್ಲಿ ಆಗಲೇ ನೇಣುಗಂಬ ನಿಂತಿತ್ತು. ಅದರ ಕೆಳಗೆ ಕೋಳ ತೊಡಿಸಿದ ಮುದ್ದಬೋವಿ ಕೂತಿದ್ದ. ಜವರನನ್ನು ಕಂಡವನೇ ಬೇಡ, ವಾಪಸು ಹೋಗು ಎಂದು ತಲೆಯಾಡಿಸಿದ.

ರಾಜಕುಮಾರಿ ಮೊದಲ ಒಗಟು ಹೇಳಿದಳು. “ನಾಲ್ವರು ಅಣ್ಣತಮ್ಮಂದಿರು ಒಂದೇ ದಾರಿ ಹಿಡಿದು ಒಂದೇ ಹೊತ್ತಿಗೆ ಊರು ಸೇರುತ್ತಾರೆ. ಮೂವರು ಹೆಚ್ಚು ಸುತ್ತು ಸುತ್ತುತ್ತಾರೆ. ನಾಲ್ಕನೆಯವನು ಅಷ್ಟು ಸುತ್ತುವುದಿಲ್ಲ, ಆದರೂ ಹಿಂದೆ ಬೀಳುವುದಿಲ್ಲ. ಅವನು ಯಾರು?”

ದಳವಾಯಿಯ ಮಗ ಮೀಸೆ ತಿರುವಿ ಮುಂದೆ ಬಂದ. “ಇಷ್ಟೇನಾ? ಅವನು ಸೋಮಾರಿ!”

“ತಪ್ಪು,” ಎಂದಳು ರಾಜಕುಮಾರಿ. ಕಾವಲಿನವರು ಅವನನ್ನು ಎಳೆದುಕೊಂಡು ಹೋಗಿ ಮುದ್ದಬೋವಿಯ ಪಕ್ಕ ಕೂರಿಸಿದರು. ಮೀಸೆ ತಿರುವಿದ ಕೈಗೂ ಕೋಳ ಬಿತ್ತು.

ಎಣ್ಣೆ ವ್ಯಾಪಾರಿಯೊಬ್ಬ ಬಹಳ ಯೋಚಿಸಿ, “ಅಣ್ಣಂದಿರ ಹೆಗಲೇರಿದ ಕೂಸು,” ಎಂದ. ಅವನನ್ನೂ ಕೂರಿಸಿದರು. ಅವನು ಗೊಳೋ ಎಂದು ಅಳತೊಡಗಿದ.

ಜವರ ಮುಂದೆ ಬಂದ. ತಾನು ಮೊದಲ ಸಲ ಪಲ್ಲಕ್ಕಿ ಹೊತ್ತ ದಿನ ಯಾಕೋ ನೆನಪಾಯಿತು. ಆ ಮೂವರು ಪುಟುಪುಟು ಹೆಜ್ಜೆ ಹಾಕುತ್ತಿದ್ದರೆ ಇವನ ಉದ್ದ ಕಾಲಿಗೆ ಅಷ್ಟು ಹೆಜ್ಜೆ ಬೇಕೇ ಇರಲಿಲ್ಲ.

“ಅವನು ದೊಡ್ಡವನು, ತಾಯಿ,” ಎಂದ ಮೆಲ್ಲಗೆ. “ಸುತ್ತೋದು ಅಂದ್ರೆ ಚಕ್ರ. ಮೂರು ಸವೆದಿರೋ ಟೈರು, ಒಂದು ಹೊಸದು. ಹೊಸದು ಕೂದಲೆಳೆಯಷ್ಟು ದಪ್ಪ ಇದ್ರೂ ಒಂದು ಸುತ್ತಿಗೆ ಹೆಚ್ಚು ದಾರಿ ನುಂಗ್ತದೆ.”

“ಸರಿ. ಎರಡನೆಯದು. ಜಗಳ ನಾಲ್ವರದು. ಸತ್ತವನು ಅವರೆಲ್ಲರ ಕೈ ಹಿಡಿದು ನಡುವೆ ನಿಂತಿದ್ದ ಐದನೆಯವನು. ಯಾರು?”

ರಾಜ ಅಂಗಳದಲ್ಲಿ ಹಾಕಿಸಿದ್ದ ಸಿಂಹಾಸನದ ತೋಳಿನ ಮೇಲೆ ಬೆರಳು ಕುಟ್ಟುತ್ತಿದ್ದ. ಜವರನ ಆ ಮೊದಲ ದಿನ ಪಲ್ಲಕ್ಕಿ ಹೊತ್ತವರಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಬಿರಿದದ್ದು ಪಲ್ಲಕ್ಕಿಯ ಬೊಂಬು.

“ನಾಲ್ಕು ಚಕ್ರಾನೂ ಒಂದಕ್ಕೊಂದು ಬಿಗಿದಿರೋ ಒಳಗಿನ ಕಬ್ಬಿಣ, ತಾಯಿ. ಮೂರು ಒಂದು ವೇಗ, ಒಂದು ಬೇರೆ ವೇಗ ಅಂದ್ರೆ ಅದು ಯಾರ ಮಾತು ಕೇಳಬೇಕು? ತಿರುಚಿಕೊಂಡು, ಕಾದು, ಮುರೀತದೆ.”

“ಸರಿ. ಕೊನೆಯದು,” ಎಂದಳು ರಾಜಕುಮಾರಿ. “ಹೊಸದಾಗಿದ್ದೇ ತಪ್ಪಾದದ್ದು ಯಾವುದು? ಆ ತಪ್ಪು ತಿದ್ದುವುದು ಹೇಗೆ?”

ಜವರ ತಲೆಯೆತ್ತಿ ಅವಳನ್ನು ನೋಡಿದ. ಅವಳು ಸೆರಗಿನ ಅಂಚನ್ನು ಹಿಂಡುತ್ತಿದ್ದಳು. ಇವು ಒಗಟುಗಳಲ್ಲ, ಮಗಳು ತಂದೆಯ ಮುಖಕ್ಕೆ ಹೇಳಲಾರದ ಮಾತುಗಳು ಎಂದು ಅವನಿಗೆ ಆಗ ಹೊಳೆಯಿತು. ಉತ್ತರ ತಪ್ಪಾದರೆ ನೇಣು. ಸರಿಯಾದರೂ ನೇಣೇ ಆಗಬಹುದು. ಅವನಿಗೆ ಓಡಿಹೋಗಬೇಕೆನಿಸಿತು.

“ಆ ಹೊಸ ಟೈರು, ತಾಯಿ. ಹಾಕಿದ್ರೆ ನಾಲ್ಕೂ ಹೊಸದು ಹಾಕಬೇಕಿತ್ತು. ಇಲ್ಲವಾದ್ರೆ ಹೊಸದನ್ನ ಹೆರೆದು ಮಿಕ್ಕ ಮೂರರ ಅಳತೆಗೆ ತರಬೇಕಿತ್ತು. ಮೊದಲ ದಿನ ಬೊಂಬು ಬಿರಿದ ಮೇಲೆ, ನಾನು ಪಲ್ಲಕ್ಕಿ ಹೊತ್ತಷ್ಟು ಕಾಲವೂ ಮೊಣಕಾಲು ಬಗ್ಗಿಸೇ ನಡೆದೆ. ಮೂರು ಹೆಗಲಿಗೆ ನನ್ನ ಹೆಗಲು ಸಮ ಬರಲಿ ಅಂತ.”

ಮಲ್ಲರಸ ಧಡಕ್ಕನೆ ಎದ್ದ. “ಹಾಗಾದರೆ ಒಂದೇ ಟೈರು ಹಾಕಿದವನದೇ ತಪ್ಪು. ಮುದ್ದಬೋವಿಗೆ ನೇಣು ಸರಿಯಾಗೇ ಇದೆ!”

“ಹಾಕಿದ್ದು ಅವನೇ, ಬುದ್ಧಿ,” ಎಂದ ಜವರ. “ಆದ್ರೆ ಈ ಸೀಮೆಯಲ್ಲಿ ತಮ್ಮ ಅಪ್ಪಣೆ ಇಲ್ಲದೆ ಒಂದು ಮೊಳೆಯೂ ಕೊಳ್ಳೋ ಹಾಗಿಲ್ಲ.”

ರಾಜನ ಕೈ ಕತ್ತಿಯ ಹಿಡಿಗೆ ಹೋಯಿತು.

“ಮೂರೂ ಸರಿಯುತ್ತರ, ಅಪ್ಪಾಜಿ,” ಎಂದಳು ಪದ್ಮಾಂಬೆ. “ಟೈರಿಗೆ ತಮ್ಮ ಅಪ್ಪಣೆಯಾದ ದಿನ ನಾನು ಕಾರಿನ ಹಿಂದಿನ ಸೀಟಿನಲ್ಲೇ ಇದ್ದೆ. ಡಂಗುರವೂ ತಮ್ಮ ಹೆಸರಿನಲ್ಲೇ ಹೊರಟಿದೆ.”

ರಾಜ ಕತ್ತಿಯ ಹಿಡಿ ಬಿಟ್ಟು ಕೂತ. “ಸವೆದದ್ದು ಒಂದು, ಒಂದೇ ಸಾಕು ಅಂದವನು ನಾನೇ,” ಎಂದ ನೆಲ ನೋಡುತ್ತ. “ನಾಲ್ಕೂ ಹಾಕಬೇಕು ಅಂತ ಅವನು ಅಂಗಲಾಚಿದ್ದ. ಏನು ಬೇಕೋ ಕೇಳು.”

“ಮುದ್ದಬೋವಿ ಬೇಕು. ಅವನ ಪಕ್ಕ ಕೂತವರೂ ಮನೆಗೆ ಹೋಗಲಿ.”

ರಾಜ ಕೋಳ ಬಿಚ್ಚಿಸಿದ. ತಾನಾಗಿಯೇ ಜವರನಿಗೆ ಜರತಾರಿ ರುಮಾಲು ಸುತ್ತಿಸಿ, ಕಾರಿನ ಉಸ್ತುವಾರಿಯನ್ನು ಇಬ್ಬರಿಗೂ ಒಪ್ಪಿಸಿದ. ನೇಣುಗಂಬ ಅವತ್ತೇ ಸೌದೆಮನೆ ಸೇರಿತು.

ಕೋಳ ಕಚ್ಚಿ ಮುದ್ದಬೋವಿಯ ಕಾಲು ಬಾತಿತ್ತು. ಜವರ ಅವನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ಹೊರಟ. ಅರಮನೆ ದಾಟಿದ ಮೇಲೆ ಮುದುಕ ಕಣ್ಣೊರೆಸಿಕೊಂಡು ಗದರಿದ.

“ಈಗೇನು ಪಲ್ಲಕ್ಕಿ ಇದೆಯೇನೋ? ನೆಟ್ಟಗೆ ನಡಿಯೋ.”

“ಅಭ್ಯಾಸ, ಮಾವ,” ಎಂದ ಜವರ. ಮನೆ ಬರುವವರೆಗೂ ಮೊಣಕಾಲು ಬಗ್ಗಿಸಿಯೇ ನಡೆದ.