ಗುಡ್ಡದಾಚೆಯ ಪೆಟ್ಟಿಗೆಯಲ್ಲಿ ಚುಕ್ಕಿಯ ಹಾಡು

ಹೂಂ ಅನ್ನಿ ಮಕ್ಕಳೇ. ಹೂಂ ಅಂದರೇನೇ ಕೋಳಿ ಬರೋದು.

ಬಂತು ನೋಡಿ. ಕೋಳಿಯ ಹೆಸರು ಕೆಂಪಿ. ಅದರ ಮರಿ ಚುಕ್ಕಿ. ಮಧ್ಯಾಹ್ನ ಚುಕ್ಕಿ ಮಲಗಬೇಕು. ಮಲಗೋಕೆ ಅಜ್ಜಿಕೋಳಿಯ ಹಾಡು ಬೇಕು.

ಅಜ್ಜಿ ಇರೋದು ಗುಡ್ಡದಾಚೆ. ಅಲ್ಲೊಂದು ಪೆಟ್ಟಿಗೆ. ಕೋಳಿಗಳೆಲ್ಲ ಸೇರಿ ಇಟ್ಟುಕೊಂಡ ಪೆಟ್ಟಿಗೆ. ಅಜ್ಜಿ ತನ್ನ ಹಾಡನ್ನು ಅದರೊಳಗೆ ಇಟ್ಟಿತ್ತು. ಈಚೆ ಕೆಂಪಿಯ ಮನೆಯಲ್ಲಿ ಒಂದು ಕಂಪ್ಯೂಟರು. ನಡುವೆ ಒಂದು ಗುಟ್ಟಿನ ಸುರಂಗ. ಸುರಂಗದ ಹೆಸರು ವಿಪಿಎನ್. ಈಚೆ ಕೆಂಪಿ ಟಕ್ ಟಕ್ ಕುಟುಕಿದರೆ, ಆಚೆ ಪೆಟ್ಟಿಗೆ ತೆರೆಯುತ್ತಿತ್ತು. ಹಾಡು ಸುರಂಗದಲ್ಲಿ ಬರುತ್ತಿತ್ತು.

ಒಂದು ದಿನ ಕೆಂಪಿ ಟಕ್ ಟಕ್ ಕುಟುಕಿತು. ಸುರಂಗ ತೆರೆಯಿತು. ಹಾಡು ಬರಲಿಲ್ಲ.

"ಯಾರೋ ಕದ್ದಿದ್ದಾರೆ!" ಕೆಂಪಿ ಬೆಕ್ಕನ್ನು ನೋಡಿತು.

ಬೆಕ್ಕು ಮೀಸೆ ನೆಕ್ಕಿತು. "ಹಾಡು ನನಗ್ಯಾಕೆ? ಮರಿ ಕೊಟ್ಟರೆ ಬೇಡ ಅನ್ನಲ್ಲ."

ಕೆಂಪಿ ಪೆಟ್ಟಿಗೆಯನ್ನು ಕೇಳಿತು. ಟಕ್ ಟಕ್.

"ಪೆಟ್ಟಿಗೆ, ಪೆಟ್ಟಿಗೆ, ತೆರೆಯೇ. ಚುಕ್ಕಿ ಮಲಗದು. ಹಾಡು ಸಿಗದು."

"ಹಾಡು ಇಲ್ಲೇ ಇದೆ. ನೀನು ಯಾರೋ ಏನೋ! ನಾಯಿ ಹೂಂ ಅನ್ನಲಿ."

ಕೆಂಪಿ ಪೆಟ್ಟಿಗೆಯ ಬಾಗಿಲು ಕಾಯುವ ನಾಯಿಯನ್ನು ಕೇಳಿತು. ಟಕ್ ಟಕ್.

"ನಾಯಣ್ಣ, ನಾಯಣ್ಣ, ಬಿಡೋ. ಚುಕ್ಕಿ ಮಲಗದು. ಹಾಡು ಸಿಗದು. ಪೆಟ್ಟಿಗೆ ತೆರೆಯದು."

"ಗುರ್! ಕೋಳಿ ಥರ ಮಾತಾಡ್ತೀಯ. ನರಿಯೂ ಹಾಗೇ ಮಾತಾಡುತ್ತೆ. ಗೂಬೆ ಹೂಂ ಅನ್ನಲಿ."

ಕೆಂಪಿ ಆಚೆ ಕೂತು ಗುರುತು ನೋಡುವ ಗೂಬೆಯನ್ನು ಕೇಳಿತು. ಟಕ್ ಟಕ್.

"ಗೂಬಜ್ಜಿ, ಗೂಬಜ್ಜಿ, ನಂಬೇ. ಚುಕ್ಕಿ ಮಲಗದು. ಹಾಡು ಸಿಗದು. ಪೆಟ್ಟಿಗೆ ತೆರೆಯದು. ನಾಯಿ ಬಿಡದು."

"ಗುಟ್ಟಿನ ಮಾತು ಹೇಳು."

ಕೆಂಪಿ ಹೇಳಿತು. ಏನು ಹೇಳಿತು? ನಿಮಗೆ ಹೇಳಲ್ಲ, ಹೋಗಿ.

ಗೂಬೆ ಕಣ್ಣು ಕಿರಿದು ಮಾಡಿತು. "ಮಾತು ಸರಿ. ಅದರ ಜೊತೆ ಬಂದ ಹೊತ್ತು ಸರಿಯಿಲ್ಲ. ನನಗಿನ್ನೂ ಆಗದ ಹೊತ್ತು ನಿನಗಾಗಲೇ ಆಗಿಹೋಗಿದೆ. ಅದು ಹೇಗೆ? ನಿನ್ನ ಗಡಿಯಾರ ಹೂಂ ಅನ್ನಲಿ."

ಗಡಿಯಾರ ಕಂಪ್ಯೂಟರಿನ ಮೂಲೆಯಲ್ಲಿ ಕೂತಿತ್ತು.

"ಗಡಿಯಾರಪ್ಪ, ಗಡಿಯಾರಪ್ಪ, ಸರಿಯಾಗೋ. ಚುಕ್ಕಿ ಮಲಗದು. ಹಾಡು ಸಿಗದು. ಪೆಟ್ಟಿಗೆ ತೆರೆಯದು. ನಾಯಿ ಬಿಡದು. ಗೂಬೆ ನಂಬದು."

"ನನ್ನ ಮೇಲೇ ಅನುಮಾನವಾ? ನಿನ್ನೆ ನನ್ನನ್ನು ಮುಂದೆ ತಳ್ಳಿದ್ದು ನಿನ್ನ ಗಂಡ. ಹುಂಜ ಹೂಂ ಅನ್ನಲಿ."

ಹುಂಜ ಜುಟ್ಟು ನೀವಿಕೊಳ್ಳುತ್ತಿತ್ತು.

"ರೀ, ರೀ, ಹಿಂದೆ ತಿರುಗಿಸ್ರೀ. ಚುಕ್ಕಿ ಮಲಗದು. ಹಾಡು ಸಿಗದು. ಪೆಟ್ಟಿಗೆ ತೆರೆಯದು. ನಾಯಿ ಬಿಡದು. ಗೂಬೆ ನಂಬದು. ಗಡಿಯಾರ ಸರಿಯಾಗದು."

"ಆಗಲ್ಲ ಕಣೇ! ಈ ಮನೆಯ ಗಡಿಯಾರ ಎಲ್ಲಾ ಸ್ವಲ್ಪ ಮುಂದೇ ಇರಬೇಕು. ನಮ್ಮಪ್ಪನ ಕಾಲದಿಂದ ಹಾಗೇ. ಇದೊಂದು ಹಿಂದಿತ್ತು. ತಳ್ಳಿದೆ."

"ಯಾಕೆ ಮುಂದಿರಬೇಕು?"

ಹುಂಜ ಕಿಟಕಿಯತ್ತ ನೋಡಿತು. ಮೆಲ್ಲಗೆ ಹೇಳಿತು. "ಆ ಸೂರ್ಯನ ಮೇಲೆ ನನಗೆ ಅನುಮಾನ. ನಾನು ಕೂಗೋ ಮೊದಲೇ ಬಂದುಬಿಟ್ಟರೆ?"

ಚುಕ್ಕಿ ಅತ್ತಿತು. ಚೀಂ ಚೀಂ ಚೀಂ.

"ನೀವು ಏಳೋದು ಗೋಡೆ ಗಡಿಯಾರ ನೋಡಿ ತಾನೇ? ಅದು ಮುಂದೇ ಇರಲಿ. ಇದು ಸರಿಯಾಗಿರಲಿ," ಅಂದಿತು ಕೆಂಪಿ.

ಹುಂಜ ಒಂದು ಕಣ್ಣಲ್ಲಿ ಗೋಡೆ ನೋಡಿತು. ಇನ್ನೊಂದು ಕಣ್ಣಲ್ಲಿ ಚುಕ್ಕಿಯನ್ನು ನೋಡಿತು.

"ಹೂಂ," ಅಂದಿತು.

ಹುಂಜ ಟಕ್ ಟಕ್ ಕುಟುಕಿತು. ಗಡಿಯಾರ ಸರಿಯಾಯಿತು. ಗೂಬೆ ನಂಬಿತು. ನಾಯಿ ಬಿಟ್ಟಿತು. ಪೆಟ್ಟಿಗೆ ತೆರೆಯಿತು. ಹಾಡು ಸಿಕ್ಕಿತು.

"ಕೊಕ್ಕೊ ಕೊಕ್ಕೊ ಕಂದ, ರೆಕ್ಕೆಯೊಳಗೆ ಬಾ..."

ಚುಕ್ಕಿ ಮಲಗಿತು.

ಹುಂಜಕ್ಕೆ ಮಾತ್ರ ಮತ್ತೆ ಅನುಮಾನ. "ಇಷ್ಟು ಚಿಕ್ಕ ಕಂಪ್ಯೂಟರಿನೊಳಗೆ ನಮ್ಮತ್ತೆ ಹೇಗೆ ಹೊಕ್ಕರು?" ಹಿಂದೆ ಹೋಗಿ ಇಣುಕಿತು. ಇಣುಕುತ್ತಾ ಇಣುಕುತ್ತಾ ಅಲ್ಲೇ ಮಲಗಿತು. ಸಂಜೆ ಸೂರ್ಯ ಯಾರನ್ನೂ ಕೇಳದೆ ಮುಳುಗಿದ.

ಹೂಂ ಅನ್ನಿ ಮಕ್ಕಳೇ.

ಏನು, ಯಾರೂ ಅನ್ನೋದಿಲ್ಲವಾ?