ಅಲುಗದ ಈಟಿ

"ನಮ್ಮಜ್ಜ ಕಟ್ಟಿಸಿದ ಚಾವಡಿ ಇದು. ಅರವತ್ತು ವರ್ಷ ಆಯ್ತು, ಒಂದು ತೊಟ್ಟು ಸೋರಿಲ್ಲ," ಎಂದು ಹುಲಿಗೊಂದಿಯ ಪಾಳೆಯಗಾರ ಸೂರಪ್ಪ ನಾಯಕ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ.

ಮಾತು ಸುಳ್ಳಲ್ಲ. ಚಾವಡಿಯ ಚಾವಣಿ ಮಣ್ಣಿನ ಮಾಳಿಗೆ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಹೊಸದಾಗಿ ನೀರು ತಡೆಯುವ ಚೌಳು ಮಣ್ಣು ಹರಡಿ ತುಳಿಸುತ್ತಿದ್ದರು. ಹಳೆಯದನ್ನು ಕೆರೆದು ತೆಗೆಯಲು ನಾಯಕ ಬಿಡುತ್ತಿರಲಿಲ್ಲ, ಅದು ಅಜ್ಜನ ಮಣ್ಣು. ಹೀಗೆ ಮಾಳಿಗೆ ವರ್ಷವರ್ಷ ಮೇಲಕ್ಕೆ ಬೆಳೆಯಿತು, ಅದನ್ನು ಹೊತ್ತ ತೊಲೆ ಕೆಳಕ್ಕೆ ಇಳಿಯಿತು.

ಇಳಿದದ್ದು ನಾಯಕನೊಬ್ಬನನ್ನು ಬಿಟ್ಟು ಎಲ್ಲರಿಗೂ ಕಾಣುತ್ತಿತ್ತು. ಚಾವಡಿಯ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡು ಮುಚ್ಚದಾದಾಗ ಅವನು, "ಹುಲಿಗೊಂದಿ ಬಾಗ್ಲು ಯಾರಿಗೂ ಮುಚ್ಚಲ್ಲ ನೋಡ್ರಿ," ಎಂದ. ಮೇಲಿನಿಂದ ಹುಡಿ ಉದುರಿದಾಗ ಕೈಮುಗಿದು, "ಅಜ್ಜನ ಆಶೀರ್ವಾದ," ಎಂದ. ಮಾತಿನಮಲ್ಲನೆಂದು ಹೆಸರಾದ ಆಸ್ಥಾನದ ಕಂಪಣ್ಣನ ಪೀಠ ಅದೇ ತೊಲೆಯ ಅಡಿಯಲ್ಲಿತ್ತು. ಅವನು ದಿನಾ ಸಂಜೆ ಹೆಗಲ ಮೇಲಿನ ಆಶೀರ್ವಾದ ಕೊಡವಿಕೊಂಡು ಮನೆಗೆ ಹೋಗುತ್ತಿದ್ದ.

ನಾಯಕನ ಗದ್ದುಗೆಯ ಹಿಂದೆ ಅಜ್ಜನ ಈಟಿ ನಿಂತಿತ್ತು. ಬುಡದಿಂದ ತುದಿಯವರೆಗೆ ಕಬ್ಬಿಣ, ಬುಡಕ್ಕೆ ಕಲ್ಲಿನ ಗುಳಿ. ಮಹಾನವಮಿಯ ದಿನ ಅದನ್ನು ಎತ್ತಿ ಊರು ಸುತ್ತಿಸುವುದು ಪದ್ಧತಿ. ಆದರೆ ಮೂರು ವರ್ಷದಿಂದ ಈಟಿ ಕದಲಿರಲಿಲ್ಲ. "ಅಜ್ಜನಿಗೆ ಬರೋಕೆ ಮನಸ್ಸಿಲ್ಲ," ಎಂದು ಪೂಜಾರಿ ಹೇಳಿದ್ದ. ನಾಯಕನಿಗೆ ಅದೂ ಹೆಮ್ಮೆಯೇ ಆಯಿತು.

ಆ ವರ್ಷ ನವಮಿಗೆ ಎಂಟು ದಿನ ಮುಂಚೆ ಬಡಗಿ ಮೌನಾಚಾರಿ ಬಂದು ಕೈಕಟ್ಟಿ ನಿಂತ.

"ಬುದ್ಧಿ, ಸೋರಲ್ಲ ಅಂದ್ರೆ ಗಟ್ಟಿ ಐತೆ ಅಂತ ಅಲ್ಲ. ತೊಲೆ ಒಳಗೆ ಗೆದ್ದಲು, ಮೇಲೆ ಅರವತ್ತು ವರ್ಷದ ಮಣ್ಣು. ಮಾಳಿಗೆ ಪೂರ್ತಿ ಇಳಿಸಿ ಹೊಸದಾಗಿ ಹಾಕ್ಬೇಕು. ನವಮಿ ದಿನ ಊರೆಲ್ಲ ಇಲ್ಲೇ ಬಂದು ಕೂರುತ್ತೆ."

ನಾಯಕನ ಮುಖ ಕೆಂಪಾಯಿತು. "ನಮ್ಮಜ್ಜನ ಮಾಳಿಗೆ ಬೀಳುತ್ತೆ ಅಂತೀಯ? ಹಂಗಾದ್ರೆ ನವಮಿ ಹೊತ್ತಿಗೆ ಅಜ್ಜನೇ ಬಂದು ಇದನ್ನ ಬದಲಾಯಿಸು ಅಂತ ಹೇಳ್ಲಿ. ಇಲ್ಲಾಂದ್ರೆ ಹೆಂಡ್ರು ಮಕ್ಕಳ್ನ ಕರ್ಕೊಂಡು ನನ್ನ ಸೀಮೆ ಬಿಟ್ಟು ಹೋಗು."

"ಅಜ್ಜನೋರು ತೀರ್ಕೊಂಡು ಮೂವತ್ತು ವರ್ಷ ಆಯ್ತಲ್ಲ ಬುದ್ಧಿ."

"ಅದು ನಿನ್ನ ಕಷ್ಟ."

ಕಂಪಣ್ಣ ತನ್ನ ಪೀಠದಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದ. ಅವನ ಮಕ್ಕಳೆಲ್ಲ ಮಲಗಿದ್ದು ಮೌನಾಚಾರಿ ಮಾಡಿದ ತೊಟ್ಟಿಲಲ್ಲೇ. ಅಪ್ಪ ನೆಟ್ಟ ಆಲದಮರ ಅಂತ ನೇಣು ಹಾಕಿಕೊಳ್ಳುವವರ ಗಾದೆಯನ್ನು ಅವನು ಕೇಳಿ ಬಲ್ಲ. ಇಲ್ಲಿ ನಾಯಕ ಅಜ್ಜನ ಮಾಳಿಗೆ ಅಂತ ಊರಿಗೆ ಊರನ್ನೇ ಅದರಡಿ ಕೂರಿಸಲು ಹೊರಟಿದ್ದ. ಕಂಪಣ್ಣ ತೊಲೆಯನ್ನು ನೋಡಿದ, ಈಟಿಯ ತುದಿಯನ್ನು ನೋಡಿದ. ಆಮೇಲೆ ಬಡಗಿಯ ಜೊತೆಯಲ್ಲೇ ಎದ್ದು ಹೋದ.

ನವಮಿ ಬಂತು. ಜನ ಒಳಗೆ ಬರುವ ಮೊದಲೇ ಕಂಪಣ್ಣ ಬಾಗಿಲಿಗೆ ಅಡ್ಡ ನಿಂತು, "ಎಲ್ಲ ಅಂಗಳದಲ್ಲೇ ಇರ್ರಪ್ಪ. ಇವತ್ತು ಅಜ್ಜನೋರು ಮಾತಾಡ್ತಾರೆ, ಅವ್ರಿಗೆ ಗಾಳಿ ಬೇಕು. ಬಾಗ್ಲು ಹೆಂಗೂ ಮುಚ್ಚಲ್ಲ, ನಿಮಗೂ ಕಾಣುತ್ತೆ," ಎಂದ.

ನಾಯಕ ಗದ್ದುಗೆ ಬಿಟ್ಟು ಏಳಲಿಲ್ಲ. "ಏನಂತೆ ಅಜ್ಜನದು?"

"ಹೇಳ್ತೀನಿ ಬುದ್ಧಿ. ನಿಮ್ಮ ತಂದೆಯೋರು ಈ ಈಟೀನ ಹೆಂಗೆ ಎತ್ತುತಿದ್ರು?"

"ಒಂದೇ ಕೈಲಿ."

"ನೀವು?"

"ಮೊದಮೊದ್ಲು ಎರಡು ಕೈಲಿ. ಆಮೇಲೆ ನಾಲ್ಕಾಳು ಬೇಕಾಯ್ತು. ಈಗ ಎಂಟಾಳು ಎಳೆದ್ರೂ ಬರಲ್ಲ. ಅಜ್ಜನ ಶಕ್ತಿ ವರ್ಷವರ್ಷ ಹೆಚ್ಚುತಾ ಐತೆ."

"ಅದನ್ನ ನಮ್ಮ ಆಚಾರಿ ಒಬ್ಬನೇ, ಒಂದೇ ಕೈಲಿ ಎತ್ತಿಬಿಟ್ರೆ?"

ನಾಯಕ ಮೀಸೆಯಡಿ ನಕ್ಕ. "ಎತ್ತಿದ್ರೆ ಅಜ್ಜನೇ ಅವನ ಪರ ಸಾಕ್ಷಿ ಹೇಳಿದ ಅಂತ ಒಪ್ಕೊಂತೀನಿ."

ಮೌನಾಚಾರಿ ಹೊರಗಿನಿಂದ ಒಂದು ದಪ್ಪ ಕಂಬ ತಂದು ಈಟಿಯ ಪಕ್ಕದಲ್ಲೇ ತೊಲೆಗೆ ಆಸರೆ ಕೊಟ್ಟ. ಕಂಬದ ಬುಡಕ್ಕೆ ಬೆಣೆ ಇಟ್ಟು ಕೊಡತಿಯಿಂದ ಹೊಡೆದ. ಮೂರನೆಯ ಏಟಿಗೆ ಮೇಲೆ ಕರ್ ಎಂದು ಸದ್ದಾಗಿ ತೊಲೆ ಎರಡು ಬೆರಳಷ್ಟು ಎದ್ದಿತು. ಈಟಿ ತಾನಾಗಿ ವಾಲಿತು. ಆಚಾರಿ ಅದನ್ನು ಒಂದೇ ಕೈಯಲ್ಲಿ ಎತ್ತಿ ನಾಯಕನ ಮುಂದೆ ಹಿಡಿದ.

ಈಟಿಯ ತುದಿ ಚುಚ್ಚಿಕೊಂಡಿದ್ದ ಕಡೆ ತೊಲೆಯಲ್ಲಿ ತೂತು ಬಿದ್ದಿತ್ತು. ಅದರಿಂದ ಗೆದ್ದಲು ತಿಂದ ಹುಡಿ ನಾಯಕನ ಹೆಗಲ ಮೇಲೆ ಸುರಿಯತೊಡಗಿತು, ನಿಲ್ಲಲೇ ಇಲ್ಲ. ಈ ಸಲ ಅವನು ಕೈಮುಗಿಯಲಿಲ್ಲ.

"ಹಂಗಾದ್ರೆ," ಎಂದ ಮೆಲ್ಲಗೆ, "ನಮ್ಮಜ್ಜನ ಶಕ್ತಿ?"

"ಅದಕ್ಕೇನು ಕಮ್ಮಿ ಬುದ್ಧಿ?" ಎಂದ ಕಂಪಣ್ಣ. "ತೀರ್ಕೊಂಡು ಮೂವತ್ತು ವರ್ಷ ಆದ್ರೂ ಮಾಳಿಗೆ ತಲೆ ಮೇಲೆ ಹೊತ್ಕೊಂಡು ನಿಂತವ್ರೆ. ಪ್ರತಿ ನವಮಿಗೂ ನಾವು ಆಚೆ ಬರ್ರಿ ಅಂತ ಎಳೀತೀವಿ. 'ನಾನು ಬಂದ್ರೆ ಕೆಳಗೆ ಕೂತಿರೋ ಮೊಮ್ಮಗನ ಗತಿ ಏನು' ಅಂತ ಅವ್ರು ಬರ್ತಿಲ್ಲ."

ನಾಯಕ ಎದ್ದ. ಓಡಲಿಲ್ಲ, ಓಡುವುದು ಅಜ್ಜನ ಮೊಮ್ಮಗನಿಗೆ ಶೋಭೆಯಲ್ಲ. ಆದರೆ ಅಷ್ಟು ದೊಡ್ಡ ಹೆಜ್ಜೆಗಳನ್ನು ಅವನು ಹಿಂದೆಂದೂ ಇಟ್ಟಿರಲಿಲ್ಲ. ಅಂಗಳಕ್ಕೆ ಬಂದು ಒಮ್ಮೆ ಮೇಲೆ ಆಕಾಶ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

ಈಟಿ ಆ ದಿನ ಊರು ಸುತ್ತಿತು. ಮಾಳಿಗೆ ಇಳಿಸಿ ಹೊಸದು ಹಾಕುವ ಕೆಲಸ ಮೌನಾಚಾರಿಗೇ ಸಿಕ್ಕಿತು.

"ನಿನಗೇನು ಬೇಕು ಕೇಳು ಕಂಪಣ್ಣ," ಎಂದ ನಾಯಕ.

"ಹೊಸ ತೊಲೆ ಏರಿಸಿದ ಮೇಲೆ ಈಟೀನ ಅಲ್ಲೇ ನಿಲ್ಲಿಸ್ರಿ ಬುದ್ಧಿ, ತುದಿಗೂ ತೊಲೆಗೂ ನಡುವೆ ಒಂದು ಗೇಣು ಬಿಟ್ಟು. ನಿಮ್ಮ ಮೊಮ್ಮಗನ ಕಾಲಕ್ಕೆ ಅದು ಮತ್ತೆ ಎಳೆದ್ರೂ ಬರದಿದ್ರೆ, ಪೂಜಾರಪ್ಪನ್ನ ಕರೆಸಬೇಡಿ ಅಂತ ಈಗ್ಲೇ ಹೇಳಿಟ್ಟಿರ್ರಿ. ಆಚಾರೀನ ಕರೆಸ್ಲಿ."