ಕಲ್ಲೆಸೆದವ್ವನ ಗುಡ್ಡ

ಅಂಕಲಗಟ್ಟಿಯಿಂದ ಮೂಡಣಕ್ಕೆ ಹೊರಟರೆ ಎರೆಹೊಲಗಳ ನಡುವೆ ಒಂದು ಬೋಳು ಗುಡ್ಡ ಅಡ್ಡ ಬರುತ್ತದೆ. ಎತ್ತರವೇನೂ ಇಲ್ಲ, ಮುದುಕರೂ ಒಂದೇ ಉಸಿರಿಗೆ ಹತ್ತಿಬಿಡುತ್ತಾರೆ. ಹಳೆಯ ಬಂಡಿದಾರಿ ಅದರ ನೆತ್ತಿಯ ಮೇಲೆ ಹಾಯ್ದು ಆಚೆಯ ಸುರಗಿಹಾಳಕ್ಕೆ ಇಳಿಯುತ್ತದೆ. ನೆತ್ತಿಗಿಂತ ತುಸು ಕೆಳಗೆ, ನಮ್ಮೂರ ಕಡೆಯ ಇಳಿಜಾರಿನಲ್ಲಿ, ಒಂದು ಕಲ್ಲುಗುಪ್ಪೆ ಇದೆ. ಅದಕ್ಕೆ ಕುಂಕುಮವಿಲ್ಲ, ದೀಪವಿಲ್ಲ, ಗುಡಿಯಂತೂ ಇಲ್ಲವೇ ಇಲ್ಲ. ಈಚೆಗೆ ಬಂದ ಕೆಲವರು, ಕಲ್ಲೆಸೆದವ್ವ ಎಂದರೆ ಯಾವುದೋ ರಾಕ್ಷಸನನ್ನು ಕಲ್ಲೆಸೆದು ಕೊಂದ ದೇವತೆಯಿರಬೇಕು ಎಂದು ತಾವೇ ಕತೆ ಕಟ್ಟಿ ಮೊಬೈಲಿನಲ್ಲಿ ಹಾಕಿದ್ದಾರಂತೆ. ಅದನ್ನು ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಆಕೆ ದೇವತೆಯಲ್ಲ, ನಮ್ಮೂರ ಹೆಣ್ಣುಮಗಳು. ಆ ಕಲ್ಲು ಬಿದ್ದದ್ದು ರಾಕ್ಷಸನ ಮೇಲೂ ಅಲ್ಲ.

ಜಪಾನಿನ ಒಂದು ಊರಿಗೂ ಅಮೆರಿಕದ ಒಂದು ಊರಿಗೂ ಅಕ್ಕತಂಗಿಯ ನಂಟಿರುತ್ತದೆಂದೂ, ಇವರ ಮಕ್ಕಳು ಅವರ ಮನೆಯಲ್ಲಿ, ಅವರ ಮಕ್ಕಳು ಇವರ ಮನೆಯಲ್ಲಿ ಇದ್ದು ಹಾಡು, ಅಡುಗೆ, ನಡೆನುಡಿ ಕಲಿತು ಬರುತ್ತಾರೆಂದೂ ಪೇಪರಿನಲ್ಲಿ ಓದಿ ನಮ್ಮ ಹುಡುಗರು ಬೆರಗಾಗುತ್ತಾರೆ. ಬೆರಗಾಗಲಿ ಪಾಪ. ಆದರೆ ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ ನೋಡಿ. ಅಂಕಲಗಟ್ಟಿ ಅಕ್ಕ, ಸುರಗಿಹಾಳ ತಂಗಿ ಎಂಬುದು ಎರಡೂ ಊರ ಗ್ರಾಮದೇವತೆ ದ್ಯಾಮವ್ವರ ಕಾಲದಿಂದ ಬಂದ ಮಾತು. ಸುಗ್ಗಿ ಮುಗಿದ ಮೇಲೆ ತಂಗಿಯ ಊರಿನವರು ಡೊಳ್ಳು ಬಾರಿಸುತ್ತ ಅಕ್ಕನ ಊರಿಗೆ ಬರುವರು, ಮರುವರ್ಷ ಇವರು ಅಲ್ಲಿಗೆ ಹೋಗುವರು. ಬಂದವರು ಮನೆಮನೆಯಲ್ಲಿ ಇಳಿದುಕೊಂಡು ಉಂಡು, ಹಾಡಿ, ಮಲಗಿ ಏಳುವರು. ಹೋದ ಊರಿನಲ್ಲಿ ಒಂದು ಮಗುವನ್ನು ಮುಂದಿನ ಭೇಟಿಯ ತನಕ ಬಿಟ್ಟು ಬರುವರು. ಅದಕ್ಕೆ ವರ್ಷದ ಮಗಳು ಎಂದು ಹೆಸರು. ಆ ಮನೆಯವರು ಅದನ್ನು ಹೆತ್ತ ಮಗಳಂತೆ ಸಾಕಿ, ತಮ್ಮ ಊರ ವಿದ್ಯೆ ಕಲಿಸಿ, ಮೆರವಣಿಗೆಯ ಮುಂದೆ ನಡೆಸಿಕೊಂಡು ತಂದು ಒಪ್ಪಿಸುವರು.

ಗುಡ್ಡದ ನೆತ್ತಿ ಎರಡೂರಿನ ಗಡಿ. ಅಲ್ಲಿ ಎರಡು ಕಟ್ಟಳೆಗಳಿದ್ದವು ಎನ್ನುತ್ತಾರೆ. ಬರುವವರ ಕಿವಿಗೆ ಗಡಿಯಲ್ಲಿ ಕೆಟ್ಟ ಸುದ್ದಿ ಬೀಳಬಾರದು. ಯಾರಾದರೂ ಅಪಶಕುನದ ಮಾತೆತ್ತಿದರೆ ಡೊಳ್ಳಿನವರು ಪೆಟ್ಟು ಜೋರು ಮಾಡಿ ಆ ಮಾತನ್ನು ಮುಳುಗಿಸಿಬಿಡಬೇಕು. ಇನ್ನೊಂದು, ಗಡಿಯ ಮೇಲೆ ನೆತ್ತರು ಬಿದ್ದರೆ ಬಂದವರು ಇಳಿಯುವಂತಿಲ್ಲ, ನಿಂತ ಕಾಲಲ್ಲೇ ಹಿಂದಿರುಗಬೇಕು.

ಹಿಂದೆ ಒಮ್ಮೆ, ನಾಡಿಗೆಲ್ಲ ಗಡ್ಡೆಬ್ಯಾನಿ, ಅಂದರೆ ಪ್ಲೇಗು, ಬಿದ್ದ ಕಾಲದಲ್ಲಿ ಅಂಕಲಗಟ್ಟಿಯಲ್ಲಿಯೂ ಇಲಿ ಉದುರಲು ಶುರುವಾಯಿತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಆ ವರ್ಷ ತಂಗಿಯ ಊರಿನವರು ಬರುವ ಸರದಿ. ಬರಬೇಡಿರೆಂದು ಹೇಳಿ ಕಳಿಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಊರ ಗೌಡ ಸಂಕನಗೌಡನಿಗೆ ಮರ್ಯಾದೆಯ ಹುಚ್ಚು. ಹಿಂದಿನ ಬರದಲ್ಲಿ ಸುರಗಿಹಾಳದವರು ಬಿತ್ತನೆಯ ಜೋಳವನ್ನೇ ಬೀಸಿ ನಮ್ಮವರಿಗೆ ರೊಟ್ಟಿ ಬಡಿದಿದ್ದರು, ಭೇಟಿ ತಪ್ಪಿಸಿರಲಿಲ್ಲ. "ತಂಗಿಗೆ ಬರಬ್ಯಾಡ ಅನ್ನಾಕ ಯಾವ ಬಾಯಿ ತರೂಣು?" ಎಂದು ಗೌಡ ಕೇಳಿದನಂತೆ. ಸತ್ತ ಇಲಿಗಳನ್ನು ಗುಡಿಸಿ ಸುಟ್ಟರು, ಗೋಡೆಗೆ ಸುಣ್ಣ ಬಳಿದರು, ಊರ ಅಗಸೆಬಾಗಿಲಿಗೆ ತೋರಣ ಕಟ್ಟಿದರು. ಭೇಟಿ ಮುಗಿಯುವ ತನಕ ಎಲ್ಲರೂ ಮನೆಗಳಿಗೆ ಮರಳಬೇಕು, ಸುದ್ದಿಯನ್ನು ಗುಡ್ಡದಾಚೆ ಒಯ್ದವರಿಗೆ ಬಹಿಷ್ಕಾರ ಎಂದು ಡಂಗುರ ಹೊಡೆಸಿದರು. ಮಂದಿಯ ಮುಂದೆ ತಲೆ ಎತ್ತಿ ನಿಲ್ಲಲೆಂದು ಮನೆಗೆ ಬೆಂಕಿ ಇಟ್ಟುಕೊಳ್ಳುವ ಬುದ್ಧಿ ನಮ್ಮ ಊರಿಗೆ ಎಲ್ಲಿಂದ ಬಂತೋ ದೇವರೇ ಬಲ್ಲ.

ಆ ವರ್ಷ ಸುರಗಿಹಾಳದಲ್ಲಿದ್ದ ವರ್ಷದ ಮಗಳು ಕೌದಿ ಹೊಲಿಯುವ ಫಕೀರವ್ವನ ಒಬ್ಬಳೇ ಮಗಳು, ಸಾವಂತ್ರಿ. ಅಲ್ಲಿ ಡೊಳ್ಳಿನ ಗದಿಗೆಪ್ಪನ ಮನೆಯಲ್ಲಿದ್ದಳು. ಮಗಳು ಬರುವ ದಿನವನ್ನು ಫಕೀರವ್ವ ಉಟ್ಟ ಸೀರೆಯ ಸೆರಗಿಗೆ ಗಂಟು ಹಾಕಿಕೊಂಡು ಕಾಯ್ದವಳು. ಆದರೆ ಭೇಟಿಗೆ ಮೊದಲೇ ಅವಳ ಗಂಡ ಗಡ್ಡೆಬ್ಯಾನಿಗೆ ಹೋದ. ಅವನನ್ನು ಮಣ್ಣು ಮಾಡಿ ಬಂದವಳಿಗೆ ಬಲಗಂಕುಳಲ್ಲಿ ಗಡ್ಡೆ ಎದ್ದಿತು, ಮೈ ಕೆಂಡವಾಯಿತು. ಗೌಡನ ಅಂಗಳದ ಹೊರಗೆ ದೂರ ನಿಂತು, ನನ್ನ ಮಗಳು ಅವರ ಜೊತೆ ಬರುತ್ತಿದ್ದಾಳೆ, ಯಾರನ್ನಾದರೂ ಕಳಿಸಿ ತಡೆಯಿರೆಂದು ಬೇಡಿಕೊಂಡಳು. ಮಗಳು ಬರುವಾಗ ಹೆತ್ತವ್ವ ಅಳಬಾರದು, ಮನೆಗೆ ಹೋಗಿ ಹೋಳಿಗೆಗೆ ಬೇಳೆ ಹಾಕು ಎಂದು ಗೌಡ ಸಮಾಧಾನ ಹೇಳಿದನಂತೆ. ಫಕೀರವ್ವ ಮನೆಗೆ ಹೋಗಲಿಲ್ಲ. ಕಾಲು ತೊಳೆಯುವ ಕೊಡಗಳನ್ನು ಹೊತ್ತ ಊರ ಮಂದಿ ಹೊರಡುವ ಮೊದಲೇ ಒಬ್ಬಳೇ ಗುಡ್ಡ ಹತ್ತಿದಳು.

ಆಚೆಯಿಂದ ಮೆರವಣಿಗೆ ನೆತ್ತಿಗೆ ಏರಿತು. ಎಲ್ಲರಿಗಿಂತ ಮುಂದೆ, ಹೊಸ ಇಳಕಲ್ಲ ಸೀರೆ ಸುತ್ತಿಕೊಂಡು ಕಳಸ ಹಿಡಿದ ಸಾವಂತ್ರಿ. ಹಿಂದೆ ಡೊಳ್ಳಿನ ಸಾಲು, ಅದರ ಮುಂದಾಳು ಗದಿಗೆಪ್ಪ. ಕೆಳಗೆ ನಿಂತಿದ್ದ ಫಕೀರವ್ವ ಎರಡೂ ಕೈ ಎತ್ತಿ, ಊರಾಗ ಗಡ್ಡೆಬ್ಯಾನಿ ಬಿದ್ದೈತಿ, ಹೊಳ್ಳಿ ಹೋಗ್ರಿ ಎಂದು ಕೂಗಿದಳು. ಕೂಗು ಕಿವಿಗೆ ಬಿದ್ದದ್ದೇ ತಡ, ಕಟ್ಟಳೆಯಂತೆ ಡೊಳ್ಳಿನ ಪೆಟ್ಟು ಜೋರಾಯಿತು. ಅವಳು ಮತ್ತೆ ಕೂಗಿದಳು, ಪೆಟ್ಟು ಮತ್ತೂ ಜೋರಾಯಿತು. ಅವಳ ಬಾಯಿ ಆಡುತ್ತಿತ್ತು, ಮಾತು ಮಾತ್ರ ಯಾರನ್ನೂ ಮುಟ್ಟಲಿಲ್ಲ. ಹತ್ತಿರ ಹೋಗಿ ಹೇಳೋಣವೆಂದರೆ ಕಂಕುಳಲ್ಲಿ ಗಡ್ಡೆ. ಮಗಳು ಬಂದು ತಬ್ಬಿಕೊಳ್ಳದೆ ಬಿಟ್ಟಾಳೆಯೇ? ಉಳಿದದ್ದು ನೆತ್ತರಿನ ಕಟ್ಟಳೆ ಒಂದೇ. ತನ್ನ ನೆತ್ತರನ್ನೇ ಕೆಡವೋಣವೆಂದರೆ ಗಡಿಯ ತನಕ, ಅವರ ನಡುವೆಯೇ ಹೋಗಬೇಕು. ಸುರಗಿಹಾಳದವರಲ್ಲಿ ಯಾರದೇ ನೆತ್ತರು ಕೆಡವಿದರೂ ಎರಡೂರಿಗೆ ತಲೆತಲಾಂತರದ ವೈರ. ಅವಳು ಕಲ್ಲು ಹೊಡೆಯಬಹುದಾದವರು ಆ ಗುಂಪಿನಲ್ಲಿ ಒಬ್ಬರೇ ಇದ್ದರು.

ಸಾವಂತ್ರಿ ತಾಯಿಯನ್ನು ಕಂಡು ಕಳಸವನ್ನು ನೆಲಕ್ಕಿಟ್ಟು ಓಡಿ ಬರತೊಡಗಿದ್ದಳು. ಮೊದಲ ಕಲ್ಲು ಅವಳ ಕಾಲ ಮುಂದೆ ಬಿತ್ತು. ತಾಯಿ ಆಟ ಹೂಡಿದ್ದಾಳೆಂದುಕೊಂಡು ಹುಡುಗಿ ನಕ್ಕು ಮತ್ತೊಂದು ಹೆಜ್ಜೆ ಮುಂದಿಟ್ಟಳಂತೆ. ಎರಡನೆಯ ಕಲ್ಲು ಎಡಗಣ್ಣಿಗೆ ಬಡಿದು ಗಡಿಯ ಮೇಲೆ ನೆತ್ತರು ಬಿತ್ತು, ಡೊಳ್ಳು ನಿಂತಿತು. ಕಂಕುಳಲ್ಲಿ ಗಡ್ಡೆ ಎದ್ದ ಆ ಬಲಗೈಯನ್ನೇ ಬೀಸಿ ಫಕೀರವ್ವ ಹೇಗೆ ಎಸೆದಳೋ, ಆ ನೋವನ್ನು ನನ್ನಿಂದ ಊಹಿಸಲಾಗದು. ಡೊಳ್ಳು ನಿಂತ ಮೇಲಾದರೂ ಹೇಳಬಹುದಿತ್ತಲ್ಲ ಎಂದು ಕೇಳುವ ಜಾಣರಿದ್ದಾರೆ. ಹೇಳಿರಲೂಬಹುದು. ಮಗಳು ಕಣ್ಣು ಹಿಡಿದುಕೊಂಡು ಚೀರುತ್ತಿದ್ದಳು, ಹೆಂಗಸರು ಮಣ್ಣು ತೂರಿ ಶಪಿಸುತ್ತಿದ್ದರು. ಹೆತ್ತ ಮಗಳ ಕಣ್ಣು ಒಡೆದವಳ ಮಾತಿಗೆ ಆಗ ಯಾರು ಕಿವಿ ಕೊಡುತ್ತಾರೆ? ಗದಿಗೆಪ್ಪ ಹುಡುಗಿಯನ್ನು ಹೆಗಲಿಗೆ ಹಾಕಿಕೊಂಡ. ಮೆರವಣಿಗೆ ಬಂದ ದಾರಿಗೆ ತಿರುಗಿತು.

ಕೊಡ ಹೊತ್ತವರೊಡನೆ ಬಂದ ಸಂಕನಗೌಡ ಏನಾಯಿತೆಂದು ಕೇಳಿದಾಗ ಫಕೀರವ್ವ, "ಒಬ್ಬರೂ ಇಳಿದಿಲ್ಲ" ಎಂದಷ್ಟೇ ಹೇಳಿ ಅಲ್ಲಿಯೇ ಕುಸಿದಳು. ಯಾರೂ ಅವಳನ್ನು ಮುಟ್ಟಲಿಲ್ಲ. ಸಂಜೆಗೆ ಉಸಿರು ನಿಂತ ಮೇಲೆ ದೂರದಿಂದಲೇ ಕಲ್ಲು ತೂರಿ ಮುಚ್ಚಿದರು. ಸುಣ್ಣ ಬಳಿದ ಮನೆಗಳಿಗೆ ಮರಳಿದವರಲ್ಲಿ ಎಷ್ಟೋ ಜನ ಮನೆಯೊಳಗೇ ಸತ್ತರು. ಗೌಡನ ಮನೆಯಲ್ಲಿ ದೀಪ ಹಚ್ಚುವವರೂ ಉಳಿಯಲಿಲ್ಲ.

ಸುರಗಿಹಾಳಕ್ಕೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ತಾವು ಉಳಿದದ್ದು ಹೇಗೆಂದು ಹಿರಿಯರಿಗೆ ತಿಳಿಯಿತು. ಸಾವಂತ್ರಿಗೂ ಹೇಳಿದರು. ಅವಳು ಕೇಳಿದ್ದು ಒಂದೇ ಮಾತು: ಬ್ಯಾನಿ ಐತಿ ಅಂತ ಬಾಯಿಬಿಟ್ಟು ಅನ್ನಬಾರದಿತ್ತ? ಕಲ್ಲು ಯಾಕ? ಅವಳು ಗದಿಗೆಪ್ಪನ ಮನೆಯಲ್ಲಿಯೇ ಬೆಳೆದಳು. ಒಕ್ಕಣ್ಣಿನವಳೆಂದು ಬಂದ ಗಂಡುಗಳೆಲ್ಲ ಹಿಂದಿರುಗಿದವು. ಕಣ್ಣಿಗೇನಾಯಿತೆಂದು ಯಾರಾದರೂ ಕೇಳಿದರೆ, ನಮ್ಮವ್ವ ಕೊಟ್ಟ ಬಳುವಳಿ ಎನ್ನುತ್ತಿದ್ದಳಂತೆ. ತಾಯಿಯ ಹೆಸರಿನಲ್ಲಿ ಒಂದು ಎಡೆಯನ್ನೂ ಇಡಲಿಲ್ಲ.

ಅವಳ ತಲೆ ನರೆಯತೊಡಗಿದ ಕಾಲಕ್ಕೆ ಗದಿಗೆಪ್ಪ ಹಾಸಿಗೆ ಹಿಡಿದ. ಸಾಯುವ ಮುಂಚೆ ಅವಳನ್ನು ಹತ್ತಿರ ಕೂರಿಸಿಕೊಂಡು, "ನಿಮ್ಮವ್ವ ಹೇಳಿದ್ಲು, ಮಗಳ. ಬ್ಯಾನಿ ಅಂದದ್ದು ನನಗ ಕೇಳಿತ್ತು. ನಾನ ಡೊಳ್ಳು ಜೋರು ಬಡದೆ" ಎಂದ.

ಅವನು ತೀರಿಕೊಂಡ ಮೇಲೆ ಸಾವಂತ್ರಿ ದಿನಕರ್ಮ ಮುಗಿಸಿ, ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತಿದಳು. ಅವಳ ಬೆನ್ನಹಿಂದೆ ಹೋದ ಹೆಂಗಸರು, ಕಲ್ಲುಗುಪ್ಪೆಯ ಹತ್ತಿರ ಹೋಗಿ ಕೈಮುಗಿ ಎಂದು ಒತ್ತಾಯ ಮಾಡಿದರು. ಅವಳು ತನಗೆ ಕಲ್ಲು ತಗಲಿದ ಜಾಗದಲ್ಲಿಯೇ ನಿಂತಳು. "ನಮ್ಮವ್ವ ಇಲ್ಲೀತನಕಾನ ಅಂದಾಳ. ಗುರಿ ಇಟ್ಟ ಹೊಡದಾಳ" ಎಂದು, ಬುತ್ತಿಯನ್ನು ಅಲ್ಲಿಯೇ ನೆಲದ ಮೇಲಿಟ್ಟು, ಕುಳಿತು ಅತ್ತಳು.

ಮುರಿದುಬಿದ್ದಿದ್ದ ಭೇಟಿ ಆ ವರ್ಷದಿಂದ ಮತ್ತೆ ಶುರುವಾಯಿತು ಎನ್ನುತ್ತಾರೆ. ಸುಗ್ಗಿಯ ನಂತರ ಬಂದವರು ಇಂದಿಗೂ ನೋಡಬಹುದು. ಸುರಗಿಹಾಳದವರು ನೆತ್ತಿಯ ತನಕ ಬಂದು, ಸಾವಂತ್ರಿ ನಿಂತ ಜಾಗದಲ್ಲಿ ನಿಲ್ಲುತ್ತಾರೆ. ಅಂಕಲಗಟ್ಟಿಯ ನಾವು ಕೆಳಗೆ, ಕಲ್ಲುಗುಪ್ಪೆಯ ಪಕ್ಕ ನಿಲ್ಲುತ್ತೇವೆ. ಡೊಳ್ಳುಗಳು ಬೆನ್ನ ಮೇಲೆಯೇ ಇರುತ್ತವೆ. ಅಲ್ಲಿಂದ ಅವರು, ಊರಾಗ ಯಾರಿಗೆ ಆರಾಮಿಲ್ಲ, ಯಾರು ತೀರಿಕೊಂಡರು, ಕೆಟ್ಟದ್ದೇನಾಯಿತು, ಮೊದಲು ಅದನ್ನ ಹೇಳ್ರಿ ಎಂದು ಕೇಳುತ್ತಾರೆ. ನಾವು ಒಂದನ್ನೂ ಮುಚ್ಚಿಡದೆ ಹೇಳುತ್ತೇವೆ. ಹೇಳಿ ಮುಗಿಯುವ ತನಕ ಯಾರೂ ಡೊಳ್ಳು ಮುಟ್ಟುವುದಿಲ್ಲ.